ನಿನ್ನ ಪರದೆ ನಿನ್ನ ಕೈಗೆ ಒಗ್ಗಲಿ

ಎಡಿಸನ್, ನ್ಯೂಜೆರ್ಸಿ

ಚಿರಂಜೀವಿ ಪುಟ್ಟನಿಗೆ,

ರಟ್ಗರ್ಸ್‌ನಲ್ಲಿ ನಿನ್ನ ಪರೀಕ್ಷೆಗಳು ಮುಗಿದವೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಜೊತೆಗೆ, ನೀನು ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡಿದ್ದೀಯೆ, ರಾತ್ರಿಯೆಲ್ಲ ಕೂತು ಅದರ ಬಣ್ಣ, ಐಕಾನು, ಕಿಟಕಿಯ ಅಂಚು ತಿದ್ದುತ್ತಿರುತ್ತೀಯೆ, ಓದುವ ಹೊತ್ತೆಲ್ಲ ಹಾಳಾಯಿತೆಂದು ನಿಮ್ಮಪ್ಪ ಬೇಸರ ಮಾಡಿಕೊಂಡಿದ್ದಾರೆ ಎಂದೂ ಹೇಳಿದಳು. ಪ್ರೋಗ್ರಾಮಿಂಗ್‌ನಿಂದಲೇ ಇಷ್ಟು ವರ್ಷ ಅನ್ನ ಕಂಡವಳು ನಾನು. ಈ ವಿಷಯದಲ್ಲಿ ನಿನಗೆ ಹೇಳಬೇಕಾದದ್ದು ಬಹಳ ಇದೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ಇದು ಹಾಳು ಹೊತ್ತಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಕಣ್ಣು, ಕೈ ಎರಡೂ ನೆಟ್ಟಿರುವ ಜಾಗ ತನಗೆ ಒಗ್ಗುವಂತಿರಲಿ ಎಂದು ಬಯಸುವುದು ಶೋಕಿಯಲ್ಲ. ನಮ್ಮ ಅಡುಗೆಮನೆಯಲ್ಲಿ ಕರೆಂಟು ಹೋದರೂ ಕೈ ನೇರವಾಗಿ ಸಾಸಿವೆ ಡಬ್ಬಿಗೇ ಹೋಗುತ್ತದಲ್ಲ, ಹಾಗೆ ನಿನ್ನ ಡೆಸ್ಕ್‌ಟಾಪೂ ಇರಬೇಕು. ಆದರೆ ಒಂದು ಷರತ್ತು. ಏನನ್ನು ಬದಲಿಸುತ್ತಿದ್ದೀಯೆ, ಯಾಕೆ ಬದಲಿಸುತ್ತಿದ್ದೀಯೆ ಎಂಬುದು ನಿನಗೆ ಗೊತ್ತಿರಬೇಕು. ತಿಳಿದು ಬದಲಿಸಿದ್ದು ವಿದ್ಯೆಯಾಗಿ ಉಳಿಯುತ್ತದೆ. ತಿಳಿಯದೆ ಅಂಟಿಸಿಕೊಂಡದ್ದು ಮುಂದಿನ ಅಪ್‌ಡೇಟಿಗೆ ಉದುರಿಹೋಗುತ್ತದೆ.

ಈ ವಿದ್ಯೆಯ ತವರು ನಿನ್ನ ಹಾಸ್ಟೆಲ್ಲಿನಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಮರ್ರೇ ಹಿಲ್‌ನ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-7 ಎಂಬ ಪುಟ್ಟ ಯಂತ್ರದ ಮೇಲೆ ಯೂನಿಕ್ಸ್ ಕಟ್ಟಲು ಶುರುಮಾಡಿದರು. 1991ರಲ್ಲಿ ಫಿನ್ಲೆಂಡಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ನಡೆದದ್ದು ಅದೇ ದಾರಿಯಲ್ಲಿ. ಬೆಲ್ ಲ್ಯಾಬ್ಸ್ ಮರ್ರೇ ಹಿಲ್ ಬಿಟ್ಟು ನಿನ್ನ ನ್ಯೂ ಬ್ರನ್ಸ್‌ವಿಕ್‌ಗೇ ಬರಲಿದೆ ಎಂದು ಅದರ ಈಗಿನ ಒಡೆಯರಾದ ನೋಕಿಯಾದವರು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದಾರೆ. ನೀನು ಓದುವ ಊರಿಗೇ ಆ ಪರಂಪರೆ ನಡೆದು ಬರುತ್ತಿದೆ ಎನ್ನುವುದು ನನಗೆ ಹೆಮ್ಮೆಯ ವಿಷಯ.

ಯೂನಿಕ್ಸ್ ಮಾಡಿದವರು ಒಂದು ದೊಡ್ಡ ತೀರ್ಮಾನ ತೆಗೆದುಕೊಂಡರು. ನಾವು ಆಜ್ಞೆ ಟೈಪು ಮಾಡುವ ಶೆಲ್ಲನ್ನು ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಳಗೆ ಸೇರಿಸದೆ, ಬೇರೆಲ್ಲ ಪ್ರೋಗ್ರಾಮುಗಳ ಹಾಗೆ ಅದೂ ಒಂದು ಪ್ರೋಗ್ರಾಮಾಗಿ ಹೊರಗೆ ಇಟ್ಟರು. ಹೊರಗಿದ್ದದ್ದನ್ನು ಯಾರು ಬೇಕಾದರೂ ಬದಲಿಸಬಹುದಲ್ಲ! ಥಾಂಪ್ಸನ್ ಅವರ ಶೆಲ್ಲಿನ ಜಾಗಕ್ಕೆ 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು, ಆಮೇಲೆ ಡೇವಿಡ್ ಕಾರ್ನ್ ಅವರದು ಬಂತು. ಇಬ್ಬರೂ ಬೆಲ್ ಲ್ಯಾಬ್ಸಿನವರೇ. ನೀನು ಈಗ ಬಳಸುವ ಬ್ಯಾಷ್ ಬೋರ್ನ್ ಶೆಲ್ಲಿನ ವಂಶದ್ದು. ನಿನ್ನ ಹೋಂ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಹೆಸರಿನ ಫೈಲುಗಳು ಕಣ್ಣಿಗೆ ಕಾಣದೆ ಕೂತಿರುತ್ತವಲ್ಲ, ಆ ವಾಡಿಕೆಯೂ ಅಲ್ಲಿಯದೇ. ಅಲ್ಲಿ ಕೆಲಸ ಮಾಡಿದ್ದ ರಾಬ್ ಪೈಕ್ ಅದರ ಕಥೆ ಬರೆದಿದ್ದಾರೆ. ಫೋಲ್ಡರನ್ನೇ ಸೂಚಿಸುವ ಒಂದು ಚುಕ್ಕೆ, ಮೇಲಿನ ಫೋಲ್ಡರನ್ನು ಸೂಚಿಸುವ ಎರಡು ಚುಕ್ಕೆ, ಇವು ಪಟ್ಟಿಯಲ್ಲಿ ಕಾಣದಿರಲಿ ಎಂದು ಪಟ್ಟಿ ತೋರಿಸುವ ಎಲ್‌ಎಸ್ ಪ್ರೋಗ್ರಾಮಿಗೆ ಒಂದು ಸಣ್ಣ ಪರೀಕ್ಷೆ ಸೇರಿಸಿದ್ದರಂತೆ. ಅದು ಮೊದಲ ಅಕ್ಷರವನ್ನು ಮಾತ್ರ ನೋಡುತ್ತಿದ್ದುದರಿಂದ ಚುಕ್ಕೆಯ ಹೆಸರಿನ ಎಲ್ಲ ಫೈಲುಗಳೂ ಮರೆಯಾದವು. ಜನ ತಮ್ಮ ಸೆಟ್ಟಿಂಗುಗಳನ್ನು ಅಂಥ ಫೈಲುಗಳಲ್ಲಿ ಇಡತೊಡಗಿದರು. ಇವತ್ತು ನಿನ್ನ ಪರದೆಯ ರೂಪವೆಲ್ಲ ಬಹುಪಾಲು ಈ ಫೈಲುಗಳಲ್ಲೇ ಇದೆ. ಅವುಗಳಲ್ಲಿ ಬಹಳಷ್ಟು ಬರೀ ಅಕ್ಷರದ ಫೈಲುಗಳು; ತೆರೆದು ಓದಲು ಯಾರ ಅಪ್ಪಣೆಯೂ ಬೇಡ.

ಚಿತ್ರಗಳಿರುವ ಪರದೆ ಬಂದಮೇಲೂ ಇದೇ ನಡೆ ಮುಂದುವರಿಯಿತು. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ, ಪರದೆಯ ಮೇಲೆ ಗೆರೆ ಎಳೆಯುವ, ಕೀಲಿ ಒತ್ತಿದ್ದನ್ನು ತಿಳಿಸುವ ಕೆಲಸವನ್ನಷ್ಟೇ ತಾನಿಟ್ಟುಕೊಂಡಿತು. ಕಿಟಕಿಗೆ ಅಂಚು ಹೇಗಿರಬೇಕು, ಮುಚ್ಚುವ ಗುಂಡಿ ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ವಿಂಡೋ ಮ್ಯಾನೇಜರ್ ಎಂಬ ಬೇರೆ ಪ್ರೋಗ್ರಾಮಿಗೆ ಬಿಟ್ಟಿತು. ಅದರ ಮೇಲೆ ಪ್ಯಾನೆಲ್ಲು, ಫೈಲ್ ಮ್ಯಾನೇಜರು, ಥೀಮು ಒಂದೊಂದಾಗಿ ಕೂತವು. ಇವೆಲ್ಲವನ್ನೂ ಒಟ್ಟಿಗೆ ಹೊಂದಿಸಿ ಕೊಡೋಣ ಎಂದು 1996ರಲ್ಲಿ ಮಥಿಯಾಸ್ ಎಟ್ರಿಕ್ ಕೆಡಿಇ ಶುರುಮಾಡಿದರು, 1997ರಲ್ಲಿ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೇನಾ ಗ್ನೋಮ್ ಶುರುಮಾಡಿದರು. ಈಗ ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ. ಹಳೆಯ ಎಕ್ಸ್‌ಮೋಡ್‌ಮ್ಯಾಪ್‌ನಂಥ ಕೀಲಿ ಬದಲಿಸುವ ಉಪಾಯಗಳು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಏನನ್ನಾದರೂ ತಿದ್ದುವ ಮೊದಲು ನೀನು ಯಾವುದರ ಮೇಲೆ ಕೂತಿದ್ದೀಯೆ ಎಂದು ನೋಡಿಕೋ. ಯಾವ ಪದರ ಯಾವ ಕೆಲಸ ಮಾಡುತ್ತದೆಂದು ಗೊತ್ತಾದ ದಿನ ನಿನ್ನ ಅರ್ಧ ತೊಂದರೆಗಳು ತಾವಾಗಿಯೇ ಬಗೆಹರಿಯುತ್ತವೆ.

ಹೀಗೆ ಬಿಡಿಬಿಡಿಯಾಗಿ ಇರುವುದರ ಬೆಲೆ ಏನೆಂದು 2011ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗ ಕೆಳಗಿನ ಪ್ಯಾನೆಲ್ ಹೋಯಿತು, ಕಿಟಕಿ ಕಿರಿದು ಮಾಡುವ ಗುಂಡಿಯೂ ಹೋಯಿತು. ಕಂಪನಿಯೊಂದರ ಒಡೆತನದ ವ್ಯವಸ್ಥೆಯಾಗಿದ್ದರೆ ಜನ ಹಲ್ಲುಕಚ್ಚಿಕೊಂಡು ಒಗ್ಗಿಕೊಳ್ಳಬೇಕಿತ್ತು. ಇಲ್ಲಿ ಹಾಗಾಗಲಿಲ್ಲ. ಹಳೆಯ ಗ್ನೋಮ್ 2 ಬೇಕೆಂದವರು ಅದರ ಸೋರ್ಸ್ ಕೋಡ್ ಹಿಡಿದು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್ ಮಿಂಟ್‌ನವರು ಸಿನಮನ್ ಎಂಬ ಡೆಸ್ಕ್‌ಟಾಪ್ ಕಟ್ಟಿದರು. ಟೊರ್ವಾಲ್ಡ್ಸ್ ಅವರೇ ಹೊಸ ಗ್ನೋಮ್ ಹಿಡಿಸದೆ ಇನ್ನೊಂದು ಡೆಸ್ಕ್‌ಟಾಪಾದ ಎಕ್ಸ್‌ಎಫ್‌ಸಿಇಗೆ ಹೋದರು. ಮುಂದೆ ಎಕ್ಸ್‌ಟೆನ್ಷನ್‌ಗಳು ಬಂದು, ತಮಗೆ ಬೇಕಾದ್ದನ್ನು ಸೇರಿಸಿಕೊಳ್ಳಲು ಸಾಧ್ಯವಾದಾಗ ಮತ್ತೆ ಗ್ನೋಮ್‌ಗೇ ಮರಳಿದರು. ಮಾಡಿದವರಿಗೆ ತಮ್ಮ ದಾರಿ ಹಿಡಿಯುವ ಹಕ್ಕಿತ್ತು, ಬಳಸುವವರಿಗೆ ತಮ್ಮ ದಾರಿ ಹಿಡಿಯುವ ಹಕ್ಕೂ ಉಳಿಯಿತು. ಇಂಥ ಸ್ವಾತಂತ್ರ್ಯ ನಿನ್ನ ಕೈಯಲ್ಲಿದೆ ಪುಟ್ಟ. ಅದನ್ನು ವಾಲ್‌ಪೇಪರ್ ಬದಲಿಸುವುದರಲ್ಲೇ ಮುಗಿಸಿಬಿಡಬೇಡ.

ಈಗ ಹೇಗೆ ಮಾಡಬೇಕೆಂಬುದಕ್ಕೆ ಬರುತ್ತೇನೆ. ಬೇರೆಯವರ ಪರದೆಯ ಚಿತ್ರ ನೋಡಿ ಅವರ ಫೈಲುಗಳನ್ನೆಲ್ಲ ಇಡಿಯಾಗಿ ತಂದು ಸುರಿದುಕೊಳ್ಳಬೇಡ. ಅವರ ಕೈಯ ಅಭ್ಯಾಸ ಬೇರೆ, ನಿನ್ನದು ಬೇರೆ. ಒಂದು ವಾರ ಏನೂ ಬದಲಿಸದೆ ಕೆಲಸ ಮಾಡು. ಎಲ್ಲಿ ಕೈ ತಡವರಿಸುತ್ತದೆ, ಎಲ್ಲಿ ಕಣ್ಣು ನೋಯುತ್ತದೆ ಎಂದು ಒಂದು ಕಾಗದದಲ್ಲಿ ಬರೆದುಕೋ. ಆಮೇಲೆ ಒಂದು ಸಲಕ್ಕೆ ಒಂದನ್ನೇ ತಿದ್ದು. ನಾನು ಅನಿಮೇಷನ್‌ಗಳನ್ನು ನಿಲ್ಲಿಸಿದ್ದೇನೆ, ಅಕ್ಷರ ದೊಡ್ಡದು ಮಾಡಿದ್ದೇನೆ, ಎಂದೂ ಬಳಸದ ಕ್ಯಾಪ್ಸ್ ಲಾಕ್ ಕೀಲಿಯನ್ನು ಕಂಟ್ರೋಲ್ ಕೀಲಿಯಾಗಿ ಮಾಡಿಕೊಂಡಿದ್ದೇನೆ, ಪತ್ರವ್ಯವಹಾರಕ್ಕೊಂದು, ಕೋಡಿಗೊಂದು, ಓದಿಗೊಂದು ಎಂದು ವರ್ಕ್‌ಸ್ಪೇಸ್‌ಗಳನ್ನು ಹಂಚಿಕೊಂಡಿದ್ದೇನೆ. ನೋಡಲು ಏನೂ ವಿಶೇಷವಿಲ್ಲ, ಆದರೆ ಸಂಜೆಯಾದರೂ ನನ್ನ ಕಣ್ಣು ದಣಿಯುವುದಿಲ್ಲ, ಮಣಿಕಟ್ಟು ನೋಯುವುದಿಲ್ಲ.

ಬದಲಿಸಿದ ಫೈಲುಗಳನ್ನೆಲ್ಲ ಒಂದು ಗಿಟ್ ರೆಪಾಸಿಟರಿಯಲ್ಲಿ ಇಡು. ಪ್ರತಿ ಬದಲಾವಣೆಗೂ ಯಾಕೆ ಮಾಡಿದೆ ಎಂದು ಒಂದು ಸಾಲು ಬರೆ. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗುವುದು ಸುಲಭ, ಹೊಸ ಲ್ಯಾಪ್‌ಟಾಪ್ ಬಂದರೆ ಒಂದೇ ಸಂಜೆಯಲ್ಲಿ ಎಲ್ಲ ಸಿದ್ಧ. ಪಾಸ್‌ವರ್ಡು, ಕೀಲಿ ಇರುವ ಫೈಲುಗಳು ಮಾತ್ರ ಅದರೊಳಗೆ ಹೋಗದಂತೆ ನೋಡಿಕೋ. ಪ್ರಯೋಗಕ್ಕೆಂದೇ ಇನ್ನೊಂದು ಯೂಸರ್ ಅಕೌಂಟ್ ಮಾಡಿಕೊಂಡರೆ, ನಾಳೆ ಅಸೈನ್‌ಮೆಂಟ್ ಕೊಡಬೇಕಾದ ರಾತ್ರಿ ಪರದೆ ಕಪ್ಪಾಗಿ ಕೂರುವ ಭಯ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಥೀಮ್ ಎಂದರೆ ಬರೀ ಬಣ್ಣ ಎಂದುಕೊಳ್ಳಬೇಡ. ಎಷ್ಟೋ ಥೀಮುಗಳ ಒಳಗೆ ನಡೆಯುವ ಕೋಡ್ ಇರುತ್ತದೆ. 2024ರ ಮಾರ್ಚ್‌ನಲ್ಲಿ ಕೆಡಿಇಗೆಂದು ಯಾರೋ ಮಾಡಿದ ಒಂದು ಗ್ಲೋಬಲ್ ಥೀಮ್ ಹಾಕಿಕೊಂಡವರೊಬ್ಬರ ಫೈಲುಗಳೆಲ್ಲ ಅಳಿಸಿಹೋದವು. ಅದರಲ್ಲಿದ್ದದ್ದು ಕೆಟ್ಟ ಉದ್ದೇಶವಲ್ಲ, ಸರಿಯಾಗಿ ಬರೆಯದ ಸ್ಕ್ರಿಪ್ಟು. ಕೆಡಿಇಯವರೇ ಆಮೇಲೆ ಜನರಿಗೆ ಜಾಗ್ರತೆ ಹೇಳಿದರು. ಗೊತ್ತಿಲ್ಲದವರ ಸ್ಕ್ರಿಪ್ಟನ್ನು ಓದದೆ ನಡೆಸಬೇಡ, ಅದಕ್ಕೆ ಸೂಡೋ ಅಧಿಕಾರ ಕೊಡುವ ಮೊದಲಂತೂ ಎರಡು ಸಲ ಓದು. ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತು. ನಿನ್ನ ಡೆಸ್ಕ್‌ಟಾಪಿನಲ್ಲಿ ಕನ್ನಡ ಇದೆಯೇ? ಫೈಲಿಗೆ ಕನ್ನಡದಲ್ಲಿ ಹೆಸರಿಡಲು ಆಗುತ್ತದೆಂದರೆ ಅದರ ಹಿಂದೆಯೂ ನಮ್ಮ ನ್ಯೂಜೆರ್ಸಿ ಇದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಅಕ್ಷರಗಳಿಗೆ ಸಂಖ್ಯೆ ಸಿಕ್ಕಿತ್ತು. ಆದರೆ ಆ ಸಂಖ್ಯೆಗಳನ್ನು ಹಳೆಯ ಇಂಗ್ಲಿಷ್ ಫೈಲುಗಳಿಗೆ ತೊಂದರೆಯಾಗದಂತೆ ಬರೆದಿಡುವ ಒಳ್ಳೆಯ ವಿಧಾನ ಇರಲಿಲ್ಲ. 1992ರ ಸೆಪ್ಟೆಂಬರ್‌ನ ಒಂದು ಸಂಜೆ ನ್ಯೂಜೆರ್ಸಿಯ ಒಂದು ಡೈನರ್‌ನಲ್ಲಿ ರಾಬ್ ಪೈಕ್ ಜೊತೆ ಊಟಕ್ಕೆ ಕೂತಿದ್ದ ಕೆನ್ ಥಾಂಪ್ಸನ್, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಯುಟಿಎಫ್-8ರ ವಿನ್ಯಾಸ ಬರೆದರು. ಕೆಲವೇ ದಿನಗಳಲ್ಲಿ ಅವರಿಬ್ಬರೂ ತಮ್ಮ ಪ್ಲಾನ್ 9 ವ್ಯವಸ್ಥೆಯನ್ನು ಅದಕ್ಕೆ ಬದಲಿಸಿದರು. ಅದರಲ್ಲಿ ನಮ್ಮ ಒಂದು ‘ಕ’ ಮೂರು ಬೈಟುಗಳಲ್ಲಿ ಕೂರುತ್ತದೆ. ಬೆಲ್ ಲ್ಯಾಬ್ಸಿನ ಇನ್ನೊಬ್ಬರು, ಈಗ ಪ್ರಿನ್ಸ್‌ಟನ್‌ನಲ್ಲಿರುವ ಬ್ರಯಾನ್ ಕರ್ನಿಹ್ಯಾನ್, 1977ರಲ್ಲಿ ಗೆಳೆಯರೊಂದಿಗೆ ಬರೆದ ಆಕ್ ಭಾಷೆಗೆ 2022ರಲ್ಲಿ, ತಮ್ಮ ಎಂಬತ್ತರ ವಯಸ್ಸಿನಲ್ಲಿ, ಯೂನಿಕೋಡ್ ಓದುವ ಶಕ್ತಿ ಸೇರಿಸಿದರು. ಅಷ್ಟು ಹಿರಿಯರು ಅಷ್ಟು ಶ್ರದ್ಧೆಯಿಂದ ಬಾಗಿಲು ತೆರೆದಿಟ್ಟಿರುವಾಗ ನಾವು ಒಳಗೆ ಹೋಗದೆ ನಿಲ್ಲುವುದು ಸರಿಯಲ್ಲ.

ಹಾಗಾಗಿ ಈ ರಜೆಯಲ್ಲಿ ಇಷ್ಟು ಮಾಡು. ಲೋಹಿತ್, ನೋಟೋ, ಗುಬ್ಬಿ, ನವಿಲು, ಮಲ್ಲಿಗೆ, ಕೇದಗೆ, ಇವೆಲ್ಲ ಉಚಿತವಾಗಿ ಸಿಗುವ ಕನ್ನಡ ಫಾಂಟುಗಳು. ನಿನ್ನ ಕಣ್ಣಿಗೆ ಹಿತವಾದದ್ದನ್ನು ಆರಿಸಿ ಫಾಂಟ್‌ಕಾನ್ಫಿಗ್ ಫೈಲಿನಲ್ಲಿ ಕನ್ನಡಕ್ಕೆ ಅದನ್ನೇ ಮೊದಲು ಬಳಸುವಂತೆ ಬರೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಅಂತರ ಸ್ವಲ್ಪ ಹೆಚ್ಚಿಸು. ಟೈಪು ಮಾಡಲು ಐಬಸ್ ಎಂಬ ಪ್ರೋಗ್ರಾಮು ಹಾಕಿ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಆರಿಸಿಕೊಂಡರೆ, ಊರಿನಲ್ಲಿ ನುಡಿ ತಂತ್ರಾಂಶ ಬಳಸಿ ಕಲಿತವರ ಬೆರಳು ಹಾಗೆಯೇ ಓಡುತ್ತದೆ. ಎರಡು ಅಕ್ಷರಗಳ ನಡುವೆ ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಸಿದ್ಧ. ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡು. ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಸಾಲುಗಳ ಪಕ್ಕದಲ್ಲೂ ‘ಕಗಪ’ ಎಂದೇ ಬರೆದಿರುತ್ತದೆ. ನಮ್ಮ ಪರಿಷತ್ತಿನ ಹೆಸರು ಬೇರೆ ಭಾಷೆಯವರ ಪರದೆಗಳಲ್ಲೂ ಹೀಗೆ ಕೂತಿದೆ.

ಆಗಬೇಕಾದ ಕೆಲಸವೂ ಇದೆ. ಡೆಸ್ಕ್‌ಟಾಪಿನ ಭಾಷೆ ಕನ್ನಡವೆಂದು ಆರಿಸಿದರೂ ಮೆನುಗಳಲ್ಲಿ ಬಹಳ ಕಡೆ ಇಂಗ್ಲಿಷೇ ಉಳಿದಿರುತ್ತದೆ, ಅನುವಾದ ಮಾಡುವ ಕೈಗಳು ಸಾಲವು. ಟರ್ಮಿನಲ್ಲುಗಳು ಪರದೆಯನ್ನು ಸಮ ಅಗಲದ ಚೌಕಗಳಾಗಿ ಭಾಗಮಾಡುವುದರಿಂದ ನಮ್ಮ ಗುಣಿತ, ಒತ್ತು ಎಷ್ಟೋ ಕಡೆ ಚೆದುರುತ್ತವೆ. ನೀನು ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಹುಡುಗ, ಮನೆಯಲ್ಲಿ ಕನ್ನಡ ಮಾತಾಡುತ್ತೀಯೆ. ಎರಡೂ ಬಲ್ಲವರು ಹೆಚ್ಚಿಲ್ಲ. ವಾರಕ್ಕೆ ನಾಲ್ಕು ಸಾಲು ಅನುವಾದಿಸಿ ಕಳಿಸಿದರೂ ಅದು ಮುಂದಿನ ಬಿಡುಗಡೆಯಲ್ಲಿ ಬಳ್ಳಾರಿಯಲ್ಲಿ, ಕಾಸರಗೋಡಿನಲ್ಲಿ ಯಾರದೋ ಪರದೆಗೆ ಬರಬಹುದು.

ಬೇರೆಯವರಿಗಾಗಿ ಮಾಡಬಹುದಾದ ಇನ್ನೊಂದು ಕೆಲಸವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮವರ ಮನೆಗಳಲ್ಲಿ ವಿಂಡೋಸ್ 11 ಹಾಕಲಾಗದ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಮೂಲೆಯಲ್ಲಿ ಬಿದ್ದಿವೆ. ಬೃಂದಾವನ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಬರುವ ಗೆಳೆಯರನ್ನು ಕೇಳಿ ಒಂದೆರಡು ಇಸಿದುಕೋ. ಒಂದನ್ನು ಕನ್ನಡ ಕಲಿಯುತ್ತಿರುವ ಮಗುವಿಗೆ ಸಿದ್ಧಮಾಡು: ದೊಡ್ಡ ಐಕಾನು, ಕನ್ನಡ ಕೀಲಿಮಣೆ, ಮೆನುವಿನಲ್ಲಿ ಬೇಕಾದ ನಾಲ್ಕೇ ಪ್ರೋಗ್ರಾಮು. ಇನ್ನೊಂದನ್ನು ಆರು ತಿಂಗಳಿಗೆಂದು ಮಕ್ಕಳ ಮನೆಗೆ ಬಂದಿರುವ ಯಾರಾದರೂ ಅಜ್ಜಿಗೆ ಸಿದ್ಧಮಾಡು: ದಪ್ಪ ಅಕ್ಷರ, ಗಾಢ ಬಣ್ಣ, ಒಂದೇ ಒತ್ತಿಗೆ ಊರಿನ ಪತ್ರಿಕೆ, ಒಂದೇ ಒತ್ತಿಗೆ ವಿಡಿಯೋ ಕರೆ. ಅವರ ಪಕ್ಕದಲ್ಲಿ ಕೂತು, ಅವರ ಕೈ ಎಲ್ಲಿ ನಿಲ್ಲುತ್ತದೆಂದು ನೋಡಿ ತಿದ್ದು. ನಿನಗಾಗಿ ಮಾಡಿಕೊಳ್ಳುವಾಗ ಕಲಿಯದ ಪಾಠಗಳನ್ನು ಅವರಿಗಾಗಿ ಮಾಡುವಾಗ ಕಲಿಯುತ್ತೀಯೆ. ನಿನ್ನ ವಿದ್ಯೆಗೆ ಅದೇ ನಿಜವಾದ ಪರೀಕ್ಷೆ.

ನಿಮ್ಮಪ್ಪನ ಜೊತೆ ನಾನು ಮಾತಾಡುತ್ತೇನೆ. ನೀನು ಮಾತ್ರ ನಿದ್ದೆಗೆಡಬೇಡ, ಓದಿನ ಹೊತ್ತನ್ನು ಓದಿಗೇ ಕೊಡು. ಲ್ಯಾಪ್‌ಟಾಪುಗಳು ಸಿಕ್ಕಿದ ಕೂಡಲೇ ಫೋನು ಮಾಡು. ಒಂದನ್ನು ನಾನೂ ನಿನ್ನ ಜೊತೆ ಕೂತು ಸಿದ್ಧಮಾಡುತ್ತೇನೆ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ