ಬಣ್ಣ ಕಳೆದರೆ ಬೆಲೆ ಹೆಚ್ಚು

2019ರ ಮಾರ್ಚಿನಲ್ಲಿ ಜರ್ಮನಿಯ ಲೈಕಾ ಕಂಪನಿ ಕ್ಯೂ2 ಎಂಬ ಕ್ಯಾಮೆರಾ ತಂದಾಗ ಅಮೆರಿಕದಲ್ಲಿ ಅದರ ಬೆಲೆ 4,995 ಡಾಲರ್. ಮರುವರ್ಷದ ನವೆಂಬರಿನಲ್ಲಿ ಅದರದೇ ಕಪ್ಪುಬಿಳುಪು ತಮ್ಮ ಹುಟ್ಟಿದ: ಕ್ಯೂ2 ಮೊನೊಕ್ರೋಮ್, 5,995 ಡಾಲರ್. ಅದೇ 28 ಎಂಎಂ ಲೆನ್ಸು, ಅದೇ 47 ಮೆಗಾಪಿಕ್ಸೆಲ್. ಅಣ್ಣನಿಗೆ ಇದ್ದು ತಮ್ಮನಿಗೆ ಇಲ್ಲದ್ದು ಬಣ್ಣ ಒಂದೇ. ಅದಿಲ್ಲದ್ದಕ್ಕೆ ಸಾವಿರ ಡಾಲರ್ ಹೆಚ್ಚು.

ಈ ಅಂಕಣಕಾರ ಕೊಂಡದ್ದು ತಮ್ಮನನ್ನೇ. ಅಂಗಡಿಯವರು ಹೇಳಿದ ಬೆಲೆ ₹5,20,000. ಚೌಕಾಸಿ ಮಾಡಿ, ನಗದು ಎಂದ ಮೇಲೆ ಐದು ಲಕ್ಷಕ್ಕೆ ಇಳಿಯಿತು. ಅದಕ್ಕೆ ಎಫ್‌ಡಿ ಮುರಿಸಬೇಕಾಯಿತು. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿಯಲ್ಲಿ ಒಂದು ಪರ್ಸೆಂಟ್ ಹೋಗುತ್ತದೆ ಎಂದು ಬ್ಯಾಂಕಿನ ಅಧಿಕಾರಿ ಎಚ್ಚರಿಸಿದರು, ಆಮೇಲೆ ಅನುಕಂಪದಿಂದ ಕೇಳಿದರು: ‘ಆಸ್ಪತ್ರೆ ಖರ್ಚಾ ಸಾರ್?’ ಕ್ಯಾಮೆರಾ ಎಂದಾಗ ಆ ಅನುಕಂಪ ಮಾಯವಾಯಿತು. ಮನೆಯಲ್ಲಿ ಅದಿನ್ನೂ ಹಿಂತಿರುಗಿಲ್ಲ. ತಂಗಿಯ ಮಗಳು ಮೆನುವನ್ನೆಲ್ಲ ತಡಕಾಡಿ ‘ಮಾವ, ಕಲರ್ ಆಪ್ಷನ್ ಎಲ್ಲಿದೆ?’ ಎಂದಳು. ಇಲ್ಲ ಎಂದದ್ದಕ್ಕೆ ಅವಳು ಕ್ಯಾಮೆರಾ ಕೆಟ್ಟಿದೆ ಎಂದೇ ತಿಳಿದಳು. ಸಂಬಂಧಿಕರ ಮದುವೆಗಳಲ್ಲಿ ಈಗ ಅಂಕಣಕಾರನಿಗೆ ಫೋಟೊ ತೆಗೆಯುವ ಕೆಲಸ ಯಾರೂ ಹೇಳುವುದಿಲ್ಲ. ಧಾರೆ ಸೀರೆಯ ಬಣ್ಣ ಕಾಣದ ಫೋಟೊ ಯಾರಿಗೆ ಬೇಕು? ಇದೊಂದು ಉಳಿತಾಯವೇ ಸರಿ.

ಕೊಳ್ಳುವಾಗ ಲೆಕ್ಕ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಕೊಂಡದ್ದು. ಬರೆಯಬೇಕೆನಿಸಿದ್ದು ಆ ಲೆಕ್ಕದ ಬಗ್ಗೆ. ಇಂಥ ಕ್ಯಾಮೆರಾ ಕೊಂಡವರು, ಕೊಳ್ಳದವರು, ಕೊಂಡು ಮಾರಿದವರು ಎಲ್ಲರೂ ಒಂದೊಂದು ಲೆಕ್ಕ ಹೇಳುತ್ತಾರೆ. ಬಹುಪಾಲು ತಪ್ಪು ಲೆಕ್ಕ.

ಬಣ್ಣ ತೆಗೆದರೆ ಸಿಗುವುದೇನು ಎಂಬುದು ಮೊದಲು. ಡಿಜಿಟಲ್ ಸೆನ್ಸರ್ ಹುಟ್ಟಿನಿಂದಲೇ ಬಣ್ಣಗುರುಡು. ಕೊಡಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ಅದರ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳ ಒಂದು ಜಾಲರಿ ಕೂರಿಸುವ ಉಪಾಯ ಹೂಡಿ 1976ರಲ್ಲಿ ಪೇಟೆಂಟ್ ಪಡೆದರು. ಅರ್ಧ ಚೌಕಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಪ್ರತಿ ಪಿಕ್ಸೆಲ್ಲಿಗೂ ಒಂದೇ ಬಣ್ಣ ಗೊತ್ತು. ಉಳಿದೆರಡನ್ನು ಪಕ್ಕದವರನ್ನು ಕೇಳಿ ಅಂದಾಜು ಮಾಡಿಕೊಳ್ಳುತ್ತದೆ. ಇವತ್ತಿನ ಮೊಬೈಲುಗಳಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಜಾಲರಿ ಕಿತ್ತರೆ ಅಂದಾಜಿನ ಕೆಲಸವಿಲ್ಲ, ಬೆಳಕು ಸೋಸಿ ಹೋಗುವುದಿಲ್ಲ. ಚಿತ್ರ ಚೂಪಾಗುತ್ತದೆ, ಕತ್ತಲೆಯಲ್ಲೂ ನಡೆಯುತ್ತದೆ.

2012ರ ಮೇ ತಿಂಗಳಲ್ಲಿ ಲೈಕಾ ಬರ್ಲಿನ್ನಿನಲ್ಲಿ ಮೊದಲ ಎಂ ಮೊನೊಕ್ರೋಮ್ ತೋರಿಸಿದಾಗ ಛಾಯಾಗ್ರಾಹಕರು ಎರಡು ಪಾಲಾದರು. 18 ಮೆಗಾಪಿಕ್ಸೆಲ್, ಲೆನ್ಸಿಲ್ಲದೆ 7,950 ಡಾಲರ್. ಆಟೊಫೋಕಸ್ ಇಲ್ಲ, ವಿಡಿಯೊ ಇಲ್ಲ, ಈಗ ಬಣ್ಣವೂ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಪುಕ್ಕಟೆ ಆಗುವ ಕೆಲಸಕ್ಕೆ ಇಷ್ಟು ದುಡ್ಡೇ ಎಂದು ಒಂದು ಪಾಲು ನಕ್ಕಿತು. ಇನ್ನೊಂದು ಪಾಲು, ವಿಶೇಷವಾಗಿ ಟ್ರೈ-ಎಕ್ಸ್ ಎಂಬ ಕಪ್ಪುಬಿಳುಪು ಫಿಲ್ಮಿನ ರೋಲುಗಳನ್ನು ತೊಳೆದು ಕೈ ಸವೆಸಿಕೊಂಡವರು, 10,000 ಐಎಸ್‌ಒದಲ್ಲಿ ತೆಗೆದ ಪ್ರಿಂಟು ನೋಡಿ ಸುಮ್ಮನಾದರು. ಅದರ ನಾಯ್ಸ್ ಬಣ್ಣದ ಚುಕ್ಕೆಗಳಾಗಿರಲಿಲ್ಲ, ಫಿಲ್ಮಿನ ಗ್ರೇನಿನಂತಿತ್ತು.

ಡೆನ್ಮಾರ್ಕಿನವರಾದ, ಮ್ಯಾಗ್ನಮ್ ಛಾಯಾಗ್ರಾಹಕರ ಬಳಗದ ಯಾಕೋಬ್ ಔ ಸೊಬೋಲ್ ಆ ಕ್ಯಾಮೆರಾ ಹಿಡಿದು ಮಾಸ್ಕೊದಿಂದ ಉಲಾನ್‌ಬಾತರ್ ಹಾದು ಬೀಜಿಂಗಿಗೆ ರೈಲಿನಲ್ಲಿ ಹೋದರು. ಸುಟ್ಟಂತೆ ಕಪ್ಪಾದ, ಕಣ್ಣು ಕುಕ್ಕುವಂತೆ ಬಿಳಿಯಾದ ಚಿತ್ರಗಳು ಬಂದವು. ಅಮೆರಿಕದ ರಾಲ್ಫ್ ಗಿಬ್ಸನ್ ಅವರದು ಇನ್ನೂ ದೊಡ್ಡ ತಿರುವು. ಅರ್ಧ ಶತಮಾನ ಫಿಲ್ಮಿನಿಂದ ಅಲುಗದಿದ್ದವರು ಈ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳದೇ ‘ಮೊನೊ’ ಎಂಬ ಪುಸ್ತಕವನ್ನು 2013ರಲ್ಲಿ ತಂದರು. ಲಂಡನ್ನಿನ ಅಲನ್ ಶಾಲರ್ ಹೆಸರು ಮಾಡಿದ್ದೇ ಮೊನೊಕ್ರೋಮ್ ಹಿಡಿದು ಬೀದಿಯ ನೆರಳುಬೆಳಕಿನಲ್ಲಿ. ಸಿನಿಮಾದವರೂ ಹಿಂದೆ ಬೀಳಲಿಲ್ಲ: ಡೇವಿಡ್ ಫಿಂಚರ್ ಅವರ ‘ಮ್ಯಾಂಕ್’ ಚಿತ್ರೀಕರಣವಾದದ್ದು ರೆಡ್ ಕಂಪನಿಯ ಕಪ್ಪುಬಿಳುಪು ಸೆನ್ಸರ್ ಮೇಲೆ, 2021ರಲ್ಲಿ ಅದರ ಛಾಯಾಗ್ರಹಣಕ್ಕೆ ಆಸ್ಕರ್ ಬಂತು.

ಮೆಚ್ಚಿದವರಲ್ಲೂ ಗೊಣಗಾಟವಿದೆ, ಅದು ನ್ಯಾಯವಾದದ್ದೇ. ಬಣ್ಣದ ಕ್ಯಾಮೆರಾದಲ್ಲಿ ಮೋಡ ಬೆಳ್ಳಗೆ ಸುಟ್ಟುಹೋದರೂ ಮೂರು ಬಣ್ಣಗಳಲ್ಲಿ ಒಂದಾದರೂ ಬದುಕಿದ್ದರೆ ಆಮೇಲೆ ಸ್ವಲ್ಪ ಎಳೆದು ತರಬಹುದು. ಇಲ್ಲಿ ಸುಟ್ಟದ್ದು ಸುಟ್ಟಿತು. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಪಂಚೆ ಉಟ್ಟವರನ್ನು ತೆಗೆಯಲು ಹೋಗಿ ಈ ಅಂಕಣಕಾರ ಸಾಕಷ್ಟು ಪಂಚೆಗಳನ್ನು ಕಳೆದಿದ್ದಾನೆ. ಆಕಾಶ ಕಪ್ಪಾಗಬೇಕೆಂದರೆ ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ತಿರುಗಿಸಿ ಕೂರಿಸಬೇಕು. ಕಂಪ್ಯೂಟರಿನಲ್ಲಿ ಕೆಂಪು ಹೆಚ್ಚಿಸಿ ನೀಲಿ ತಗ್ಗಿಸುವ ಆಟ ನಡೆಯದು, ಕೆಂಪು ನೀಲಿಯ ಮಾಹಿತಿಯೇ ಅಲ್ಲಿಲ್ಲವಲ್ಲ. ಅಂದರೆ ಐದು ಲಕ್ಷ ಕೊಟ್ಟ ಮೇಲೆ ಫಿಲ್ಟರಿನ ಖರ್ಚು ಬೇರೆ.

ಈಗ ಲೆಕ್ಕ. ಎಲ್ಲರೂ ಹೇಳುವ ಸಮರ್ಥನೆ ಒಂದೇ: ‘ಫಿಲ್ಮ್ ಉಳಿಯುತ್ತೆ.’ ಸುಲಭಕ್ಕೆ ಒಂದು ಕಪ್ಪುಬಿಳುಪು ರೋಲು ₹1,000, ತೊಳೆಸಿ ಸ್ಕ್ಯಾನ್ ಮಾಡಿಸಲು ₹500 ಎಂದು ಹಿಡಿಯೋಣ. ರೋಲಿಗೆ ₹1,500, ಚಿತ್ರ 36. ಒಂದು ಚಿತ್ರಕ್ಕೆ ಸುಮಾರು ₹42. ಐದು ಲಕ್ಷಕ್ಕೆ 333 ರೋಲು ಬರುತ್ತದೆ, ಹತ್ತಿರ ಹತ್ತಿರ 12,000 ಚಿತ್ರ. ಹನ್ನೆರಡು ಸಾವಿರ ಸಲ ಗುಂಡಿ ಒತ್ತಿದರೆ ಕ್ಯಾಮೆರಾದ ದುಡ್ಡು ಹುಟ್ಟಿತು, ಅಷ್ಟನ್ನು ಒಂದೇ ವರ್ಷದಲ್ಲಿ ಒತ್ತಿಬಿಡಬಹುದು, ಮುಂದಿನದೆಲ್ಲ ಲಾಭ ಎಂದು ಕ್ಯಾಮೆರಾ ಗೆಳೆಯರು ಬೆನ್ನು ತಟ್ಟುತ್ತಾರೆ.

ಇಲ್ಲಿ ಎರಡು ತೂತುಗಳಿವೆ. ಡಿಜಿಟಲ್ಲಿನಲ್ಲಿ ಒತ್ತಿದ್ದೆಲ್ಲ ಫಿಲ್ಮಿನಲ್ಲೂ ಒತ್ತುತ್ತಿದ್ದದ್ದಲ್ಲ. ಒಂದು ಬಾಗಿಲಿನ ನೆರಳಿಗೆ ಫಿಲ್ಮಿನಲ್ಲಿ ಎರಡು ಚಿತ್ರ, ಡಿಜಿಟಲ್ಲಿನಲ್ಲಿ ಇಪ್ಪತ್ತು. ಆ ಹದಿನೆಂಟನ್ನು ಉಳಿತಾಯ ಎಂದು ಬರೆದುಕೊಳ್ಳುವಂತಿಲ್ಲ. ಇನ್ನೊಂದು ತೂತು ದೊಡ್ಡದು: ಐದು ಲಕ್ಷ ಬ್ಯಾಂಕಿನಲ್ಲಿದ್ದಿದ್ದರೆ ಸುಮ್ಮನೆ ಕೂತಿರುತ್ತಿರಲಿಲ್ಲ.

7%ರಂತೆ ವರ್ಷಕ್ಕೆ ₹35,000 ಬಡ್ಡಿ. ಆದಾಯ ತೆರಿಗೆಯಲ್ಲಿ ಮೂವತ್ತರ ಸ್ಲ್ಯಾಬಿನವರಿಗೆ ಸೆಸ್ ಸೇರಿ 31.2% ಹೋದರೆ ಕೈಗೆ ₹24,080. ಅಂದರೆ ಹದಿನಾರು ರೋಲು. ಅಸಲು ಮುಟ್ಟದೆ, ಬಡ್ಡಿಯಲ್ಲೇ ವರ್ಷಕ್ಕೆ ಹದಿನಾರು ರೋಲು ಹೊಡೆದುಕೊಂಡು ಇರಬಹುದು.

ತಿಂಗಳಿಗೆ ಮೂರು ರೋಲು ಹೊಡೆಯುವವರನ್ನು ತೆಗೆದುಕೊಳ್ಳಿ. ವರ್ಷಕ್ಕೆ 36 ರೋಲು, ₹54,000. ಬಡ್ಡಿ ಲೆಕ್ಕ ಬಿಟ್ಟರೆ ಕ್ಯಾಮೆರಾದ ದುಡ್ಡು ಒಂಬತ್ತು ವರ್ಷ ಚಿಲ್ಲರೆಯಲ್ಲಿ ಹುಟ್ಟುತ್ತದೆ. ಬಡ್ಡಿ ಹಿಡಿದರೆ ನಿಜವಾದ ಉಳಿತಾಯ ವರ್ಷಕ್ಕೆ ₹29,920, ದುಡ್ಡು ಹುಟ್ಟಲು ಹದಿನಾರೂವರೆ ವರ್ಷ ದಾಟಬೇಕು. ಡಿಜಿಟಲ್ ಕ್ಯಾಮೆರಾ ಅಷ್ಟು ಬಾಳಿದರೆ ಅದಕ್ಕೊಂದು ಸನ್ಮಾನ ಮಾಡಬೇಕು.

ಮಾರಿದರೆ ದುಡ್ಡು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸರಿ, ಐದು ವರ್ಷ ಬಿಟ್ಟು ಅರ್ಧ ಬೆಲೆಗೆ ಹೋಯಿತು ಅಂದುಕೊಳ್ಳಿ. ಕಳೆದದ್ದು ಎರಡೂವರೆ ಲಕ್ಷ, ಜೊತೆಗೆ ಐದು ವರ್ಷದ ಬಡ್ಡಿ ₹1,20,400. ಒಟ್ಟು ₹3,70,400. ಅಷ್ಟೇ ಕಾಲದಲ್ಲಿ ನಮ್ಮ ಮೂರು ರೋಲಿನವರ ಫಿಲ್ಮ್ ಖರ್ಚು ₹2,70,000. ಇನ್ನೂ ಲಕ್ಷ ರೂಪಾಯಿ ಅಂತರ. ಎರಡೂ ಸಮವಾಗಲು ತಿಂಗಳಿಗೆ ನಾಲ್ಕು ರೋಲಿಗಿಂತ ತುಸು ಹೆಚ್ಚು ಹೊಡೆಯಬೇಕು, ಅದೂ ಐದು ವರ್ಷ ಬಿಡದೆ. ರೋಲಿನ ಒಟ್ಟು ಖರ್ಚು ₹2,000 ಆದರೆ ತಿಂಗಳಿಗೆ ಮೂರಕ್ಕಿಂತ ತುಸು ಹೆಚ್ಚು ಸಾಕು. ಫಿಲ್ಮಿನ ಬೆಲೆ ಏರುವ ದಿಕ್ಕಿನಲ್ಲೇ ಇರುವುದರಿಂದ ಲೈಕಾದ ಪರವಾಗಿ ಇದೊಂದು ಮಾತು ಹೇಳಬಹುದು. ಈ ಅಂಕಣಕಾರ ತಿಂಗಳಿಗೆ ಎರಡು ರೋಲಿನ ಗಿರಾಕಿ. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ಬೆಳೆದವನಿಗೆ ಕಪ್ಪುಬಿಳುಪಿನ ಆಸೆ ಇತ್ತು, ದುಡ್ಡಿತ್ತು, ಕೊಂಡ. ಮನೆಯ ಲೆಕ್ಕದ ಪುಸ್ತಕದಲ್ಲಿ ಅದು ಪ್ರವಾಸ, ಸಂಗೀತ ಕಚೇರಿಗಳ ಸಾಲಿನಲ್ಲಿದೆ.

ರೇಗುವುದು ಅದನ್ನು ‘ಹೂಡಿಕೆ’ ಅನ್ನುವವರನ್ನು ಕಂಡಾಗ. ಲೈಕಾ ಬೆಲೆ ಇಳಿಯುವುದಿಲ್ಲವಂತೆ! ಲೆನ್ಸುಗಳ ಮಟ್ಟಿಗೆ ಆ ಮಾತಿಗೆ ಸ್ವಲ್ಪ ಅರ್ಥವಿದೆ. ಡಿಜಿಟಲ್ ಕ್ಯಾಮೆರಾಗಳ ಮಟ್ಟಿಗೆ ಇಲ್ಲ. 2012ರ 18 ಮೆಗಾಪಿಕ್ಸೆಲ್ ಆದ ಮೇಲೆ 2015ರಲ್ಲಿ 24, 2020ರಲ್ಲಿ 40, 2023ರ ಎಂ11 ಮೊನೊಕ್ರೋಮಿನಲ್ಲಿ 60, ಆಗಿನ ಬೆಲೆ 9,195 ಡಾಲರ್. ಹೊಸದು ಬಂದಾಗಲೆಲ್ಲ ಹಳೆಯದು ಒಂದು ಮೆಟ್ಟಿಲು ಇಳಿಯುತ್ತದೆ. ಪೆಟ್ಟಿಗೆ ಬಿಚ್ಚದೆ ಇಟ್ಟು ಲಾಭ ಮಾಡಬೇಕೆನ್ನುವವರು ಚಿನ್ನ ಕೊಳ್ಳಲಿ, ಅದಕ್ಕೆ ಬ್ಯಾಟರಿಯೂ ಬೇಡ.

ಇನ್ನೂ ರೇಗುವುದು ‘ನೋ ಕಾಸ್ಟ್ ಇಎಂಐ’ ಎಂಬ ಮಾತು ಕೇಳಿದಾಗ. ಅಂಗಡಿಯ ಹುಡುಗ ಕ್ಯಾಮೆರಾಕ್ಕಿಂತ ಹೆಚ್ಚು ಹೊತ್ತು ಅದನ್ನೇ ಹೊಗಳಿದ. ₹5,20,000, ಹನ್ನೆರಡು ಕಂತು, ಬಡ್ಡಿ ಸೊನ್ನೆ. ಸೊನ್ನೆ ಎಲ್ಲಿಂದ ಬಂತು? ಕಾರ್ಡಿನ ಬ್ಯಾಂಕು 15% ಹಿಡಿದರೆ ಬಡ್ಡಿ ₹40,000ದ ಹತ್ತಿರ ಆಗುತ್ತದೆ. ಅದನ್ನು ರಿಯಾಯಿತಿ ಎಂದು ಮೊದಲೇ ಕಳೆದು ತೋರಿಸುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಸುಮಾರು ₹7,200, ಗಿರಾಕಿಯದು. ನಗದಿಗೆ ಬಿಡುತ್ತಿದ್ದ ₹20,000 ಇಲ್ಲಿ ಸಿಗುವುದಿಲ್ಲ. ಎರಡೂ ಸೇರಿದರೆ ಆ ಸೊನ್ನೆಯ ನಿಜವಾದ ದರ ವರ್ಷಕ್ಕೆ 10%ರ ಆಸುಪಾಸು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬಡ್ಡಿಯನ್ನು ಮರೆಮಾಚುವ ಉಪಾಯ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಗದರಿಸಿತ್ತು. ಹೆಸರು ಬದಲಾಯಿತು, ಆಟ ಬದಲಾಗಲಿಲ್ಲ. ಮೋಜಿನ ಸಾಮಾನನ್ನು ಸಾಲದಲ್ಲಿ ಕೊಳ್ಳಬಾರದು ಎಂದು ಹಿಂದಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಗಿನ ಗಿರಾಕಿಗೆ ಬೆಲೆ ಕಾಣುವುದಿಲ್ಲ, ಕಂತು ಮಾತ್ರ ಕಾಣುತ್ತದೆ.

ವೃತ್ತಿಯವರ ಲೆಕ್ಕ ಬೇರೆ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊದವರಿಗೆ ಐದು ಲಕ್ಷದಲ್ಲಿ ₹76,000ಕ್ಕೂ ಹೆಚ್ಚು ಇನ್‌ಪುಟ್ ಕ್ರೆಡಿಟ್ ಆಗಿ ಹಿಂತಿರುಗುತ್ತದೆ. ಆದರೆ ಅವರ ಗಿರಾಕಿಗೆ ಬೇಕಾದದ್ದು ಸೀರೆಯ ಬಣ್ಣ.

ಕಡಿಮೆ ಖರ್ಚಿನ ದಾರಿಗಳಿಲ್ಲವೇ? ಇವೆ. ಪೆಂಟಾಕ್ಸ್ 2023ರಲ್ಲಿ ಕೆ-3 ಮಾರ್ಕ್ 3 ಮೊನೊಕ್ರೋಮ್ ತಂದಿತು, ಸುಮಾರು 2,200 ಡಾಲರ್; ಸೆನ್ಸರ್ ಚಿಕ್ಕದು, ಆಟೊಫೋಕಸ್ ಇದೆ. ಸಾಮಾನ್ಯ ಕ್ಯಾಮೆರಾದ ಸೆನ್ಸರಿನಿಂದ ಜಾಲರಿ ಕೆರೆದು ತೆಗೆದುಕೊಡುವವರು ಹೊರದೇಶಗಳಲ್ಲಿದ್ದಾರೆ. ವಾರಂಟಿಯೂ ಜೊತೆಗೇ ಕೆರೆದುಹೋಗುತ್ತದೆ. ಇದ್ದ ಕ್ಯಾಮೆರಾದಲ್ಲೇ ಮೊನೊಕ್ರೋಮ್ ಮೋಡ್ ಹಾಕಿ ಜೆಪೆಗ್ ತೆಗೆಯುವುದಕ್ಕೆ ಖರ್ಚೇ ಇಲ್ಲ. ಒಂದು ಮಳೆಗಾಲ ಹಾಗೆ ತೆಗೆದು, ಹತ್ತು ಚಿತ್ರ ಆರಿಸಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಗೋಡೆಯ ಮೇಲಿಡಲು ಹತ್ತು ಸಿಗದಿದ್ದರೆ ಐದು ಲಕ್ಷ ಕೊಟ್ಟರೂ ಸಿಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಸಾವಿರಾರು ಫೈಲು ಕೂಡಿಟ್ಟು, ಒಂದು ಪ್ರಿಂಟೂ ಹಾಕಿಸದೆ, ಮತ್ತೆ ಹೊಸ ಬಾಡಿಯ ವಿಮರ್ಶೆ ಓದುತ್ತ ಕೂರುವ ಚಟಕ್ಕೆ ಯಾವ ಬಜೆಟ್ಟೂ ಸಾಲದು.

ಇಷ್ಟೆಲ್ಲ ಕೇಳಿಯೂ ಬೇಕೇ ಬೇಕು ಎನ್ನುವವರು ಕೈ ಬದಲಾದದ್ದನ್ನು ನೋಡಬಹುದು, ಎಚ್ಚರದಿಂದ. 2012ರ ಮೊದಲ ಎಂ ಮೊನೊಕ್ರೋಮಿನ ಸಿಸಿಡಿ ಸೆನ್ಸರಿನ ಹೊದಿಕೆ ಗಾಜು ತೇವಕ್ಕೆ ಸವೆದು ಕಲೆ ಬೀಳುತ್ತಿತ್ತು. ಲೈಕಾ 2014ರಲ್ಲಿ ಅದನ್ನು ಒಪ್ಪಿ ಹೊಸ ಸೆನ್ಸರುಗಳನ್ನು ಉಚಿತವಾಗಿ ಹಾಕಿಕೊಟ್ಟಿತು. ಆ ಸೌಲಭ್ಯ ಈಗಿಲ್ಲ. ಹಾಗಾಗಿ ಆ ಮಾದರಿ ಮಾರುವವರ ಹತ್ತಿರ ಸೆನ್ಸರ್ ಬದಲಿಸಿದ ಸರ್ವಿಸ್ ಕಾಗದ ಕೇಳಿ. ಲೆನ್ಸಿನ ರಂಧ್ರ ಪೂರ್ತಿ ಕಿರಿದು ಮಾಡಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಿ. ಕಾಗದವಿಲ್ಲ, ಗೋಡೆಯಲ್ಲಿ ಚುಕ್ಕೆಯ ಸುತ್ತ ಉಂಗುರ ಕಾಣುತ್ತಿದೆ ಎಂದಾದರೆ ಎಷ್ಟು ಕಡಿಮೆಗೆ ಕೊಟ್ಟರೂ ಆ ವ್ಯಾಪಾರ ಬೇಡ.