ಸೈಕಲ್ ಪಂಪಿನಿಂದ ರಾಕೆಟ್

ಬ್ಯಾಡಗಿ ಸುತ್ತಿನ ಮಕ್ಕಳ ಜೊತೆ ನೀರಿನ ರಾಕೆಟ್ ಹಾರಿಸುವ ನನಗೆ ನೋಡಲು ಬಂದವರು ಕೇಳುವುದು ಒಂದೇ: ‘ಎಷ್ಟ್ ಎತ್ತರ ಹೊಕ್ಕತಿ ಸರ?’ ಎತ್ತರ ಆಮೇಲಿನ ಮಾತು. ಕೆಲಸವೆಲ್ಲ ಇರುವುದು ನೆಲದ ಮೇಲೆ.

1. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗ್ಯಾಸಿನ ಒತ್ತಡ ತಡೆಯಲೆಂದೇ ಮಾಡಿದ ತಂಪು ಪಾನೀಯದ ಬಾಟಲಿಯೇ ಬೇಕು. ಗೀರು ಬಿದ್ದದ್ದು, ಬಿಸಿಲಲ್ಲಿ ಬಹಳ ದಿನ ಬಿದ್ದಿದ್ದದ್ದು ಗುಜರಿಗೆ ಹೋಗಲಿ.

2. ಮೀಟರ್ ಇಲ್ಲದ ಪಂಪು ಮುಟ್ಟಬೇಡಿ. 60 ಪಿಎಸ್‌ಐಗೆ ಹಾರಿಸುವುದಾದರೆ 80ಕ್ಕೆ ಪರೀಕ್ಷಿಸಿ, ಅದೂ ಬಾಟಲಿಗೆ ಕಂಠಮಟ ನೀರು ತುಂಬಿ, ದೂರ ನಿಂತು. ಗಾಳಿ ಕುಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ, ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಬಾಟಲಿ ಒಡೆದರೂ ಚೂರು ಸಿಡಿಯುವುದು ಕಡಿಮೆ.

3. ಸೋರಿಕೆಗೆ ಸಣ್ಣದು, ದೊಡ್ಡದು ಎಂಬುದಿಲ್ಲ. ವಾಲ್ವು, ವಾಷರ್, ಪೈಪಿನ ಕೂಡು, ಎಲ್ಲಕ್ಕೂ ಸಾಬೂನು ನೀರು ಹಚ್ಚಿ ಗುಳ್ಳೆ ಎದ್ದೀತೇ ನೋಡಿ. ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿಗದ್ದಿ ನೋಡುವ ಹಾಗೆ. ಮಕ್ಕಳು ಬೇಸರ ಮಾಡಿಕೊಂಡಾಗ ಇಸ್ರೋದ ಕತೆ ಹೇಳುತ್ತೇನೆ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10ರ ಮೊದಲೆರಡು ಹಂತ ಸರಿಯಾಗಿಯೇ ಉರಿದವು, ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳಲಿಲ್ಲ. ಇಒಎಸ್-03 ಉಪಗ್ರಹ ಹೋಯಿತು. ದ್ರವ ಜಲಜನಕದ ಟ್ಯಾಂಕಿನ ಒಂದು ವಾಲ್ವು ಸೋರಿ ಒತ್ತಡ ಇಳಿದಿತ್ತು. ವಾಲ್ವಿನೊಳಗಿನ ಮೆತ್ತನೆಯ ಸೀಲು ಕೆಟ್ಟಿರಬೇಕೆಂದು ತನಿಖಾ ಸಮಿತಿ ಹೇಳಿತು. ಈ ಕತೆ ಕೇಳಿದ ಮೇಲೆ ವಾಷರ್ ಬದಲಿಸಲು ಯಾರೂ ಗೊಣಗುವುದಿಲ್ಲ.

4. ನೀರು ಬಾಟಲಿಯ ಮೂರನೇ ಒಂದು ಪಾಲು. ಹೆಚ್ಚಾದರೆ ಭಾರ, ಕಡಿಮೆಯಾದರೆ ತಳ್ಳುವ ಬಲ ಬೇಗ ಮುಗಿಯುತ್ತದೆ.

5. ಟಿಪ್ಪು ಕಾಲದ ಮೈಸೂರು ರಾಕೆಟ್ಟಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದದ್ದು ಅದು ಅಡ್ಡಾದಿಡ್ಡಿ ಹೋಗದಿರಲೆಂದು. ನಮಗೆ ಆ ಕೆಲಸ ರೆಕ್ಕೆಗಳದ್ದು. ಖಾಲಿ ರಾಕೆಟ್ಟು ಸಮತೂಗುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಸುತ್ತಲೂ ತಿರುಗಿಸಿ. ಮೂತಿ ಮುಂದಾಗಿ ತಿರುಗಿದರೆ ಸರಿ; ಇಲ್ಲವಾದರೆ ಮೂತಿಗೆ ಒಂದಿಷ್ಟು ಗಣಪತಿ ಮಣ್ಣು ಸೇರಿಸಿ, ಹೊರಗೆ ಸ್ಪಂಜು ಸುತ್ತಿ.

6. ಆಷಾಢದ ಗಾಳಿಯಲ್ಲಿ ಹಾರಿಸುವುದು ದಂಡ. ಬೆಳಗಿನ ತಂಪು ಹೊತ್ತೇ ಒಳ್ಳೆಯದು. ಸುಗ್ಗಿಯಲ್ಲಿ ಮೆಣಸಿನಕಾಯಿ ಒಣಹಾಕಿದ ಕಣದ ಹತ್ತಿರ ಮಾತ್ರ ಹೋಗಬೇಡಿ. ಕೆಂಪು ಪ್ಯಾರಾಚೂಟೂ ನಮ್ಮೂರಿಗೆ ಆಗಿಬರುವುದಿಲ್ಲ, ನೀಲಿಯದು ಮಾಡಿ.

7. ಎತ್ತರಕ್ಕೆ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ದಾರ, ಒಂದು ನಟ್ಟು ಸಾಕು. 50 ಮೀಟರ್ ದೂರ ನಿಂತಾಗ ಕೋನ 45 ಡಿಗ್ರಿ ಬಂದರೆ, ಎತ್ತರ 50 ಮೀಟರ್ ಮತ್ತು ನಿಮ್ಮ ಕಣ್ಣಿನ ಎತ್ತರ.

8. ಪಟಾಕಿ ಬಿಚ್ಚಿ ಮದ್ದು ತುಂಬೋಣ ಎನ್ನುವ ಹುಡುಗ ಪ್ರತಿ ವರ್ಷ ಒಬ್ಬನಾದರೂ ಸಿಗುತ್ತಾನೆ. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧ, ಕೈಬೆರಳು ಹೋದರೆ ಬರುವುದೂ ಇಲ್ಲ. ಪಾಲಕರೇ, ನೀರಿನ ರಾಕೆಟ್ಟಾದರೂ ಸರಿ, ಪಂಪು ಹೊಡೆಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಿ.