ಚಿಕಾನೊ ಲೋರೈಡರ್ ಸಂಸ್ಕೃತಿ: ಕಸುಬು, ಬೀದಿ ಮತ್ತು ಕಾನೂನು

ಜಾನಪದ ಅಧ್ಯಯನದಲ್ಲಿ 'ವಸ್ತು ಸಂಸ್ಕೃತಿ' ಎಂಬ ಪರಿಕಲ್ಪನೆಯನ್ನು ಬಳಸುವಾಗ ನಮ್ಮ ಗಮನಕ್ಕೆ ಮೊದಲು ಬರುವುದು ಮಡಕೆ, ಕಂಬಳಿ, ನೇಗಿಲು, ಮರದ ಕೆತ್ತನೆ ಮೊದಲಾದ ಕೈಕಸುಬಿನ ವಸ್ತುಗಳು. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ತಯಾರಾಗಿ ಮಾರುಕಟ್ಟೆಗೆ ಬರುವ ವಸ್ತುವನ್ನು ನಾವು ಸಾಮಾನ್ಯವಾಗಿ ಜನಪದಕ್ಕೆ ಎದುರಾದ ನೆಲೆಯಲ್ಲಿ ಇರಿಸಿ ನೋಡುತ್ತೇವೆ. ಈ ವಿಭಜನೆ ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ನೈರುತ್ಯ ಭಾಗದ ಮೆಕ್ಸಿಕನ್ ಮೂಲದ ಜನಸಮುದಾಯ ರೂಪಿಸಿಕೊಂಡಿರುವ 'ಲೋರೈಡರ್' ಸಂಸ್ಕೃತಿಯು ಬಲವಾಗಿ ಮುಂದಿಡುತ್ತದೆ. ಹಳೆಯ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಬಣ್ಣ, ಚಿತ್ರ, ಮಖಮಲ್ಲುಗಳಿಂದ ಅಲಂಕರಿಸಿ, ಬೀದಿಯಲ್ಲಿ ಅತಿ ನಿಧಾನವಾಗಿ ಓಡಿಸುವ ಈ ಪರಂಪರೆಗೆ ಈಗ ಮುಕ್ಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಇದರ ಸ್ವರೂಪವನ್ನೂ ಇದನ್ನು ಉಳಿಸಿಕೊಂಡು ಬಂದವರ ಪಾತ್ರವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಚಾರಿತ್ರಿಕ ಹಿನ್ನೆಲೆ

1848ರ ಗ್ವಾಡಲೂಪ್ ಹಿಡಾಲ್ಗೊ ಒಪ್ಪಂದದ ಮೂಲಕ ಮೆಕ್ಸಿಕೊ ತನ್ನ ಉತ್ತರದ ವಿಶಾಲ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಡಬೇಕಾಯಿತು. ಇಂದಿನ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ ಮೊದಲಾದ ಪ್ರದೇಶಗಳಲ್ಲಿ ನೆಲೆಸಿದ್ದ ಜನರು ಊರು ಬಿಡದೆಯೇ ಬೇರೊಂದು ದೇಶದವರಾದರು. ಮುಂದೆ ಮೆಕ್ಸಿಕೊದಿಂದ ದುಡಿಮೆಗಾಗಿ ಬಂದವರೂ ಇವರೊಂದಿಗೆ ಸೇರಿದರು. ಭಾಷೆ, ಬಣ್ಣ ಮತ್ತು ದುಡಿಮೆಯ ಕಾರಣದಿಂದ ಅವಮಾನಕ್ಕೊಳಗಾದ ಈ ಸಮುದಾಯದ ತರುಣರು 1960ರ ದಶಕದಲ್ಲಿ 'ಚಿಕಾನೊ' ಎಂಬ ಪದವನ್ನು ತಮ್ಮ ರಾಜಕೀಯ ಅಸ್ಮಿತೆಯ ಹೆಸರಾಗಿ ಸ್ವೀಕರಿಸಿದರು. ಅದಕ್ಕೆ ಮೊದಲು ಇದು ಹೀಯಾಳಿಕೆಯ ಮಾತಾಗಿಯೂ ಬಳಕೆಯಲ್ಲಿತ್ತು ಎಂಬುದು ಗಮನಾರ್ಹ.

ಲೋರೈಡರ್‌ಗಳಿಗಿಂತ ಹಿಂದಿನ ತಲೆಮಾರಿನ 'ಪಚೂಕೊ' ತರುಣರು ಉದ್ದನೆಯ ಕೋಟು ಮತ್ತು ದೊಗಲೆ ಷರಾಯಿಗಳ 'ಜೂಟ್ ಸೂಟ್' ತೊಟ್ಟು, 'ಕಾಲೊ' ಎಂಬ ಮಿಶ್ರ ಆಡುನುಡಿಯನ್ನು ಬಳಸುತ್ತಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಬಟ್ಟೆಯ ಮೇಲೆ ನಿಯಂತ್ರಣವಿದ್ದುದರಿಂದ ಈ ಉಡುಪು ದೇಶದ್ರೋಹದ ಗುರುತಾಗಿ ಬಿಂಬಿತವಾಯಿತು. 1943ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ನೌಕಾದಳದ ಸಿಬ್ಬಂದಿ ಮೊದಲಾದವರು ಈ ತರುಣರನ್ನು ಬೀದಿಯಲ್ಲಿ ಥಳಿಸಿ ಅವರ ಉಡುಪನ್ನು ಕಿತ್ತೆಸೆದರು. ಪೊಲೀಸರು ಬಹುಮಟ್ಟಿಗೆ ಬಂಧಿಸಿದ್ದು ಪೆಟ್ಟು ತಿಂದವರನ್ನೇ. ಮೈಮೇಲಿನ ಅಲಂಕಾರವೇ ಅಪರಾಧವಾಗುವ ಈ ಅನುಭವವು ಲೋರೈಡರ್ ಪರಂಪರೆಯ ಪೂರ್ವಪೀಠಿಕೆಯಾಗಿದೆ. ಉಡುಪಿನ ಮೇಲಿದ್ದ ಅಲಂಕಾರದ ಆಸಕ್ತಿ ಯುದ್ಧಾನಂತರ ಕಾರಿನ ಮೇಲೂ ಹರಿಯಿತು.

2. ತಗ್ಗಿಸುವ ಕಸುಬು ಮತ್ತು ಮೊದಲ ನಿಷೇಧ

ಯುದ್ಧದ ಅನಂತರದ ವರ್ಷಗಳಲ್ಲಿ ದುಡಿಯುವ ವರ್ಗದ ಮೆಕ್ಸಿಕನ್-ಅಮೆರಿಕನ್ ತರುಣರಿಗೆ ಎಟುಕುತ್ತಿದ್ದುದು ಇತರರು ಬಳಸಿ ಬಿಟ್ಟ ಕಾರುಗಳು, ವಿಶೇಷವಾಗಿ ಷೆವರ್ಲೆ ಕಾರುಗಳು. ಅದೇ ಕಾಲದ ಬಿಳಿಯ ತರುಣರ 'ಹಾಟ್ ರಾಡ್' ಕಾರುಗಳು ಹಗುರಾಗಿ, ಎತ್ತರವಾಗಿ, ವೇಗವನ್ನೇ ಗುರಿಯಾಗಿಸಿಕೊಂಡಿದ್ದವು. ಚಿಕಾನೊ ತರುಣರು ಇದಕ್ಕೆ ಪೂರ್ಣ ವಿರುದ್ಧವಾದ ದಾರಿ ಹಿಡಿದರು. ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರಿ, ಅಥವಾ ಸ್ಪ್ರಿಂಗಿನ ಸುರುಳಿಗಳನ್ನು ಕತ್ತರಿಸಿ ಕಾರನ್ನು ತಗ್ಗಿಸಿದರು. 'ಬಹೀತೊ ಇ ಸುವಾವೆಸೀತೊ', ಅಂದರೆ ತಗ್ಗಾಗಿ ಮತ್ತು ಮೆಲ್ಲಗೆ ಎಂಬುದು ಈ ಪರಂಪರೆಯ ಸೂತ್ರವಾಯಿತು. ಬೇಗ ತಲುಪುವುದಕ್ಕಲ್ಲ, ಕಾಣಿಸಿಕೊಳ್ಳುವುದಕ್ಕೆ ಇವರು ಕಾರು ಓಡಿಸುತ್ತಿದ್ದರು.

ಪ್ರಭುತ್ವದ ಪ್ರತಿಕ್ರಿಯೆ ಬೇಗನೆ ಬಂತು. ಚಕ್ರದ ಲೋಹದ ಅಂಚಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇರುವಂತೆ ಮಾರ್ಪಡಿಸಬಾರದು ಎಂಬ ನಿಯಮ 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ವಾಹನ ಸಂಹಿತೆಯಲ್ಲಿ ಸೇರಿತು. ಕಾನೂನು ಯಾವ ಸಮುದಾಯದ ಹೆಸರನ್ನೂ ಹೇಳಲಿಲ್ಲ. ಆದರೆ ಅದರ ಭಾರ ಯಾರ ಮೇಲೆ ಬಿತ್ತು ಎಂಬುದು ಬೀದಿಯಲ್ಲಿದ್ದವರಿಗೆ ಗೊತ್ತಿತ್ತು.

ಈ ನಿಷೇಧಕ್ಕೆ ದೊರೆತ ಉತ್ತರವು ತಾಂತ್ರಿಕವಾದುದು. ಸ್ಯಾನ್ ಬರ್ನಾರ್ಡಿನೊದ ರಾನ್ ಅಗೀರೆ ಅವರು 1959ರ ಸುಮಾರಿಗೆ, ಯುದ್ಧಾನಂತರ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತಿದ್ದ ವಿಮಾನದ ಹೈಡ್ರಾಲಿಕ್ ಬಿಡಿಭಾಗಗಳನ್ನು ತಮ್ಮ 'ಎಕ್ಸ್-ಸಾನಿಕ್' ಎಂಬ ಕಾರ್ವೆಟ್ ಕಾರಿಗೆ ಅಳವಡಿಸಿದರು. ಇದರ ಕಾರ್ಯವಿಧಾನ ಹೀಗಿದೆ: ಡಿಕ್ಕಿಯಲ್ಲಿ ಸಾಲಾಗಿ ಜೋಡಿಸಿದ ಬ್ಯಾಟರಿಗಳು ಮೋಟಾರನ್ನು ತಿರುಗಿಸುತ್ತವೆ, ಮೋಟಾರು ಪಂಪಿನ ಮೂಲಕ ಎಣ್ಣೆಯನ್ನು ಒತ್ತಡದಿಂದ ಕೊಳವೆಗಳಲ್ಲಿ ನೂಕುತ್ತದೆ, ಚಕ್ರದ ಬಳಿ ಇರುವ ಸಿಲಿಂಡರು ಚಾಚಿಕೊಂಡು ಕಾರಿನ ಮೈಯನ್ನು ಮೇಲಕ್ಕೆತ್ತುತ್ತದೆ, ಕವಾಟ ತೆರೆದಾಗ ಎಣ್ಣೆ ಹಿಂದಕ್ಕೆ ಹರಿದು ಕಾರು ಇಳಿಯುತ್ತದೆ. ಚಾಲಕನು ಗುಂಡಿ ಒತ್ತಿ ಪೊಲೀಸರ ಮುಂದೆ ಕಾರನ್ನು ಕಾನೂನುಬದ್ಧ ಎತ್ತರಕ್ಕೆ ಏರಿಸಿ, ಅವರು ಹೋದ ಮೇಲೆ ಮತ್ತೆ ಇಳಿಸಬಹುದಾಗಿತ್ತು. 1958ರಿಂದ 1964ರವರೆಗಿನ ಷೆವರ್ಲೆ ಇಂಪಾಲಾ ಕಾರುಗಳ ಎಕ್ಸ್ ಆಕಾರದ ಚೌಕಟ್ಟು ಈ ಜೋಡಣೆಗೆ ಅನುಕೂಲವಾಗಿದ್ದುದೂ ಆ ಕಾರುಗಳು ಈ ಪರಂಪರೆಯಲ್ಲಿ ಪಡೆದ ಮನ್ನಣೆಗೆ ಒಂದು ಕಾರಣ. ಕಾರು ನೆಲದಿಂದ ಪುಟಿಯುವ ಇಂದಿನ ಸ್ಪರ್ಧೆಗಳ ಮೂಲವೂ ಈ ಉಪಾಯವೇ. ನಿಷೇಧವು ಕಸುಬನ್ನು ಅಳಿಸುವ ಬದಲು ಅದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು.

3. ಸೌಂದರ್ಯ ಮೀಮಾಂಸೆ

ಚಿಕಾನೊ ವಿದ್ವಾಂಸ ತೊಮಾಸ್ ಇಬಾರಾ-ಫ್ರೌಸ್ಟೊ ಅವರು 'ರಾಸ್ಕುವಾಚೀಸ್ಮೊ' ಎಂಬ ಪರಿಕಲ್ಪನೆಯನ್ನು ವಿವೇಚಿಸಿದ್ದಾರೆ. ಕೈಗೆ ಸಿಕ್ಕಿದ್ದರಿಂದಲೇ ಹೊಂದಿಸಿಕೊಂಡು ಬದುಕುವ, ಮೇಲ್ವರ್ಗದ ಅಭಿರುಚಿಯು ಕೀಳೆಂದು ತಳ್ಳಿಹಾಕಿದ್ದನ್ನು ಹೆಮ್ಮೆಯಿಂದ ಮೆರೆಸುವ ಕೆಳಗಿನವರ ದೃಷ್ಟಿ ಅದು. ಇತರರು ಬಿಸುಟ ಕಾರು ಮತ್ತು ವಿಮಾನದ ಹಳೆಯ ಪಂಪುಗಳಿಂದ ಹುಟ್ಟಿದ ಲೋರೈಡರ್ ಇದಕ್ಕೆ ಒಪ್ಪುವ ಉದಾಹರಣೆ. ಆದರೆ ಈ ಪರಿಕಲ್ಪನೆಯೊಂದರಿಂದಲೇ ಲೋರೈಡರನ್ನು ಪೂರ್ತಿಯಾಗಿ ವಿವರಿಸಲಾಗದು. ಇಲ್ಲಿನ ಕೆಲಸದಲ್ಲಿ ಕಾಣುವುದು ಹೊಂದಾಣಿಕೆ ಮಾತ್ರವಲ್ಲ. ಲೋಪವನ್ನು ಸಹಿಸದ ಕಸುಬುಗಾರಿಕೆಯೂ ಹೌದು. 'ಕ್ಯಾಂಡಿ' ಬಣ್ಣವನ್ನೇ ನೋಡಬಹುದು. ಹೊಳೆಯುವ ಲೋಹದ ತಳಬಣ್ಣದ ಮೇಲೆ ಪಾರದರ್ಶಕ ಬಣ್ಣವನ್ನು ಪದರ ಪದರವಾಗಿ ಸಿಂಪಡಿಸಬೇಕು. ಒಂದು ಕಡೆ ಪದರ ದಪ್ಪವಾದರೂ ಆ ಭಾಗ ಕಪ್ಪಾಗಿ ಕಾಣುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಪೂರ್ವ ಲಾಸ್ ಏಂಜಲೀಸ್‌ನ 'ಇಂಪೀರಿಯಲ್ಸ್' ಸಂಘದ ಜೆಸ್ಸಿ ವಲಾಡೆಜ್ ಅವರ 'ಜಿಪ್ಸಿ ರೋಸ್'. ಅದೇ ಹೆಸರಿನ ಅವರ ಹಿಂದಿನ ಕಾರು ದಾಳಿಗೊಳಗಾಗಿ ಹಾಳಾದ ಮೇಲೆ 1964ರ ಇಂಪಾಲಾ ಕಾರಿನಲ್ಲಿ ಅವರು ಅದನ್ನು ಮತ್ತೆ ರೂಪಿಸಿದರು. ಗುಲಾಬಿ ಬಣ್ಣದ ಅದರ ಮೈತುಂಬ ವಾಲ್ಟ್ ಪ್ರೇ ಎಂಬ ಕಲಾವಿದರು ಗುಲಾಬಿ ಹೂಗಳನ್ನು ಚಿತ್ರಿಸಿದರು. 1974ರಲ್ಲಿ ಆರಂಭವಾದ 'ಚಿಕೊ ಅಂಡ್ ದಿ ಮ್ಯಾನ್' ಎಂಬ ದೂರದರ್ಶನ ಸರಣಿಯ ಆರಂಭದ ದೃಶ್ಯಗಳಲ್ಲಿ ಕಾಣಿಸಿಕೊಂಡು ಈ ಕಾರು ಅಮೆರಿಕದ ಮನೆಮನೆಗೂ ಪರಿಚಿತವಾಯಿತು. ಇತರ ಕಾರುಗಳ ಮೇಲೆ ಗ್ವಾಡಲೂಪ್ ಮಾತೆ, ಆಜ್ಟೆಕ್ ವೀರರು, ತೀರಿಕೊಂಡ ಬಂಧುಗಳ ಮುಖಗಳು ಮೂಡಿರುವುದುಂಟು. ಹೀಗೆ ಕಾರಿನ ಮೈ ಭಕ್ತಿ, ಪುರಾಣ ಮತ್ತು ಕುಟುಂಬದ ನೆನಪುಗಳ ಚಿತ್ರಭಿತ್ತಿಯಾಗುತ್ತದೆ.

4. ಉಳಿಸಿಕೊಂಡು ಬಂದವರು

ಈ ಪರಂಪರೆಯ ಮುಖ್ಯ ಆಧಾರ ಕಾರು ಸಂಘಗಳು. ರುವೇಲಾಸ್ ಸಹೋದರರು 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ 'ಡ್ಯೂಕ್ಸ್' ಸಂಘವು ಅತಿ ಹಳೆಯವುಗಳಲ್ಲಿ ಒಂದು. ಸಂಘದ ಹೆಸರು ಕೊರೆದ ಲೋಹದ ಫಲಕವನ್ನು ಸದಸ್ಯರು ಕಾರಿನ ಹಿಂಬದಿಯ ಗಾಜಿನಲ್ಲಿ ಇರಿಸುತ್ತಾರೆ. ಸಂಘದ ಮಟ್ಟಕ್ಕೆ ತಕ್ಕ ಕಾರು ಇಲ್ಲದವರಿಗೆ ಆ ಫಲಕ ಸಿಗುವುದಿಲ್ಲ. ವೆಲ್ಡಿಂಗ್, ಬಣ್ಣಗಾರಿಕೆ, ಗಾದಿ ಹೊಲಿಗೆ, ವಿದ್ಯುತ್ ಜೋಡಣೆಗಳು ಇಲ್ಲಿ ಬಹುಮಟ್ಟಿಗೆ ಶಾಲೆಯ ಹೊರಗೆ, ಮನೆಯ ಹಿತ್ತಿಲಲ್ಲಿ, ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ದಾಟಿ ಬಂದಿವೆ. ಕಾರು ಕೊಳ್ಳಲಾಗದ ಮಕ್ಕಳು ಮೊದಲು ಸೈಕಲ್ಲನ್ನು ತಗ್ಗಿಸಿ ಅಲಂಕರಿಸುತ್ತಾರೆ. 1963ರಲ್ಲಿ ಬಂದ ಶ್ವಿನ್ ಕಂಪನಿಯ 'ಸ್ಟಿಂಗ್-ರೇ' ಸೈಕಲ್ಲು ಇದಕ್ಕೆ ಅಚ್ಚುಮೆಚ್ಚಿನದಾಗಿದೆ. ಜಾನಪದಶಾಸ್ತ್ರವು ಹೇಳುವ ಮೌಖಿಕ ಪ್ರಸರಣದ ಲಕ್ಷಣಗಳೆಲ್ಲ ಇಲ್ಲಿವೆ.

ಮುದ್ರಣದ ಪಾತ್ರವೂ ಕಡಿಮೆಯದಲ್ಲ. 1977ರಲ್ಲಿ ಸ್ಯಾನ್ ಹೋಸೆ ನಗರದಲ್ಲಿ ಮೂವರು ಗೆಳೆಯರು ಆರಂಭಿಸಿದ 'ಲೋ ರೈಡರ್' ಪತ್ರಿಕೆಯು ಚದುರಿದ್ದ ಊರುಗಳ ಸಂಘಗಳನ್ನು ಒಂದು ಸಮುದಾಯವಾಗಿ ಬೆಸೆಯಿತು. ಅದರ ಮುದ್ರಿತ ಆವೃತ್ತಿ 2019ರ ಕೊನೆಯಲ್ಲಿ ನಿಂತಿತು. ಇದೇ ಪತ್ರಿಕೆಯು ಈ ಪರಂಪರೆಯ ಒಂದು ಮಿತಿಯನ್ನೂ ತೋರಿಸುತ್ತದೆ. ಅದರ ಮುಖಪುಟಗಳಲ್ಲಿ ಹೆಣ್ಣು ಬಹುಕಾಲ ಕಾರಿನ ಪಕ್ಕದ ಅಲಂಕಾರವಾಗಿಯೇ ಕಾಣಿಸಿಕೊಂಡಳು. ಮನೆಯ ಆದಾಯದ ದೊಡ್ಡ ಪಾಲು ಕಾರಿಗೆ ಹೋದಾಗ ಸಂಸಾರ ತೂಗಿಸಿದ ಹೆಂಗಸರ ದುಡಿಮೆ ಯಾವ ಪ್ರಶಸ್ತಿಯ ಲೆಕ್ಕಕ್ಕೂ ಬರಲಿಲ್ಲ. ತಾವೇ ಕಾರು ಕಟ್ಟಿ ಓಡಿಸುವ ಹೆಂಗಸರು ಮತ್ತು ಅವರದೇ ಸಂಘಗಳು ಇಂದು ಈ ಚಿತ್ರವನ್ನು ಬದಲಿಸುತ್ತಿವೆ. ಪ್ರತಿರೋಧದ ಸಂಸ್ಕೃತಿ ಎಂದು ಕೊಂಡಾಡುವ ಭರದಲ್ಲಿ ಅದರೊಳಗಿನ ಅಧೀನರನ್ನು ಮರೆಯುವುದು ಸಲ್ಲದು.

ಲೋರೈಡರ್ ಚಿಕಾನೊಗಳಿಗೆ ಮಾತ್ರ ಸೀಮಿತವೂ ಅಲ್ಲ. ಲಾಸ್ ಏಂಜಲೀಸ್‌ನ ಆಫ್ರಿಕನ್-ಅಮೆರಿಕನ್ನರು ಮೊದಲಿನಿಂದಲೂ ಇದರಲ್ಲಿ ಪಾಲುಗೊಂಡಿದ್ದಾರೆ. 1990ರ ದಶಕದ ಹಿಪ್-ಹಾಪ್ ಸಂಗೀತವು ಇದನ್ನು ಲೋಕಕ್ಕೆ ಪರಿಚಯಿಸಿತು. ಇಂದು ಜಪಾನಿನಲ್ಲಿಯೂ ಲೋರೈಡರ್ ಸಂಘಗಳಿವೆ.

5. ಬೀದಿಯ ಹಕ್ಕು

ಲೋರೈಡರ್‌ಗಳ ಮುಖ್ಯ ಆಚರಣೆ 'ಕ್ರೂಸಿಂಗ್', ಅಂದರೆ ವಾರಾಂತ್ಯದ ಸಂಜೆಗಳಲ್ಲಿ ಒಂದೇ ಬೀದಿಯಲ್ಲಿ ಮೆಲ್ಲಗೆ ಹೋಗಿ ಬರುವುದು. ಪೂರ್ವ ಲಾಸ್ ಏಂಜಲೀಸ್‌ನ ವಿಟಿಯರ್ ಬುಲೆವಾರ್ಡ್ ಇದಕ್ಕೆ ಹೆಸರಾದುದು. ಅದೇ ಬೀದಿಯ ಮತ್ತೊಂದು ಮುಖವನ್ನೂ ನೆನೆಯಬೇಕು. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೊಗಳು ನಡೆಸಿದ ಬೃಹತ್ ಮೆರವಣಿಗೆಯನ್ನು ಬಲಪ್ರಯೋಗದಿಂದ ಚದುರಿಸಿದಾಗ, ಪತ್ರಕರ್ತ ರೂಬೆನ್ ಸಾಲಜಾರ್ ಅವರು ಆ ಬೀದಿಯ ಒಂದು ಹೋಟೆಲಿನೊಳಗೆ ಶೆರಿಫ್ ಇಲಾಖೆಯ ಸಿಬ್ಬಂದಿ ಹಾರಿಸಿದ ಅಶ್ರುವಾಯು ಷೆಲ್ ತಗುಲಿ ಸತ್ತರು. ಇಂಥ ಬೀದಿಯಲ್ಲಿ ನಿಧಾನವಾಗಿ ಸಾಗುವುದಕ್ಕೂ ರಾಜಕೀಯ ಅರ್ಥ ಇರುತ್ತದೆ. ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕ್ಷೇತ್ರಕಾರ್ಯ ನಡೆಸಿ 2012ರಲ್ಲಿ ಕೃತಿ ಪ್ರಕಟಿಸಿದ ಮಾನವಶಾಸ್ತ್ರಜ್ಞ ಬೆನ್ ಚಾಪೆಲ್ ಅವರು ಲೋರೈಡರನ್ನು ಪ್ರತ್ಯೇಕ ವಸ್ತುವಾಗಿ ನೋಡದೆ ಅದು ನಗರದಲ್ಲಿ ಸೃಷ್ಟಿಸುವ ಅವಕಾಶದ ನೆಲೆಯಿಂದ ನೋಡಿದುದು ಈ ಕಾರಣಕ್ಕೆ ಮುಖ್ಯವಾಗುತ್ತದೆ.

ಸಂಚಾರಕ್ಕೆ ಅಡಚಣೆ, ಗುಂಪುಗಳ ಹೊಡೆದಾಟ ಎಂಬ ಕಾರಣಗಳನ್ನು ನೀಡಿ ಕ್ಯಾಲಿಫೋರ್ನಿಯಾದ ಹಲವು ನಗರಗಳು ಕ್ರೂಸಿಂಗನ್ನು ನಿಷೇಧಿಸಿದವು. ಗೊತ್ತುಮಾಡಿದ ಅವಧಿಯಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ಹಾದುಹೋಗುವುದೇ ಅಪರಾಧವಾಯಿತು. ಸ್ಯಾನ್ ಡಿಯಾಗೊ ಬಳಿಯ ನ್ಯಾಷನಲ್ ಸಿಟಿಯಲ್ಲಿ 1992ರಲ್ಲಿ ಜಾರಿಗೆ ಬಂದ ಇಂಥ ನಿಷೇಧ 2023ರವರೆಗೂ ಇತ್ತು. ಹೊಡೆದಾಟಗಳು ನಡೆದೇ ಇಲ್ಲ ಎನ್ನಲಾಗದು. ಆದರೆ ಕೆಲವರ ತಪ್ಪಿಗೆ ಇಡೀ ಪರಂಪರೆಯನ್ನು ಶಂಕಿತರ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲವೆಂದು ಸಂಘಗಳು ವಾದಿಸಿದವು. ನಗರಸಭೆಗಳ ಮುಂದೆ ಸಾಕ್ಷ್ಯ ನುಡಿದು, ಸ್ವಯಂಸೇವಕರನ್ನು ನಿಲ್ಲಿಸಿ ಶಿಸ್ತಿನ ಮೆರವಣಿಗೆ ನಡೆಸಿ ತೋರಿಸಿದವು. 2023ರ ಅಕ್ಟೋಬರಿನಲ್ಲಿ ರಾಜ್ಯಪಾಲರ ಸಹಿ ಪಡೆದು 2024ರ ಜನವರಿ 1ರಿಂದ ಜಾರಿಗೆ ಬಂದ ರಾಜ್ಯದ ಕಾನೂನು, ಕ್ರೂಸಿಂಗ್ ನಿಷೇಧಿಸುವ ಸ್ಥಳೀಯ ಸಂಸ್ಥೆಗಳ ಅಧಿಕಾರವನ್ನೂ, ಕಾರಿನ ಎತ್ತರ ಕುರಿತ ಹಳೆಯ ನಿಯಮವನ್ನೂ ಒಟ್ಟಿಗೆ ತೆಗೆದುಹಾಕಿತು. ಅರುವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಗುಂಡಿ ಒತ್ತಿ ತಪ್ಪಿಸಿಕೊಂಡಿದ್ದ ನಿಯಮವು ಕೊನೆಗೆ ಪುಸ್ತಕದಿಂದಲೇ ಹೋಯಿತು.

6. ಸಂಗ್ರಹಾಲಯವೋ ಬೀದಿಯೋ

ನ್ಯೂ ಮೆಕ್ಸಿಕೊದ ಚಿಮಾಯೊ ಊರಿನ ಡೇವಿಡ್ ಹರಮೀಯೊ ಅವರು 1969ರ ಫೋರ್ಡ್ ಕಾರೊಂದನ್ನು ಲೋರೈಡರ್ ಆಗಿ ಮಾರ್ಪಡಿಸುತ್ತಿದ್ದರು. 1978ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮನೆಯವರು ಸ್ಥಳೀಯ ಕಸುಬುದಾರರ ನೆರವಿನಿಂದ ಅದನ್ನು ಪೂರ್ಣಗೊಳಿಸಿದರು. 'ಡೇವ್ಸ್ ಡ್ರೀಮ್' ಎಂಬ ಆ ಕಾರನ್ನು 1990ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯ ಪಡೆದುಕೊಂಡಿತು. ಜೆಸ್ಸಿ ವಲಾಡೆಜ್ ಅವರು 2011ರಲ್ಲಿ ನಿಧನರಾದರು. ಅವರ 'ಜಿಪ್ಸಿ ರೋಸ್' 2017ರಲ್ಲಿ ರಾಷ್ಟ್ರೀಯ ಚಾರಿತ್ರಿಕ ವಾಹನಗಳ ದಾಖಲೆಗೆ ಸೇರಿ, ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರದರ್ಶಿತವಾಯಿತು. ಲಾಸ್ ಏಂಜಲೀಸ್‌ನ ಪೀಟರ್‌ಸನ್ ಸಂಗ್ರಹಾಲಯದಲ್ಲಿ ವಿದುಷಿ ಡೆನಿಸ್ ಸ್ಯಾಂಡೊವಾಲ್ ಅವರು 2000ದಿಂದೀಚೆಗೆ ರೂಪಿಸಿದ ಪ್ರದರ್ಶನಗಳೂ ಈ ಪರಂಪರೆಗೆ ಕಲೆಯ ಮನ್ನಣೆ ದೊರಕಿಸಿವೆ.

ಒಮ್ಮೆ ಅಪರಾಧವೆನಿಸಿದ್ದು ಪರಂಪರೆಯೆನಿಸಿಕೊಂಡದ್ದು ಸಂತೋಷದ ಸಂಗತಿಯೇ. ಆದರೂ ಇಲ್ಲೊಂದು ತೊಡಕು ಇದೆ. ಲೋರೈಡರ್ ಪೂರ್ಣಗೊಳ್ಳುವುದು ಓಡುವಾಗ; ನೋಡುವ ಬೀದಿ ಅದರ ಅರ್ಧ. ಗಾಜಿನೊಳಗಿನ ಕಾರು ರೂಪವನ್ನು ಉಳಿಸುತ್ತದೆ, ಆಚರಣೆಯನ್ನಲ್ಲ. ಇನ್ನೊಂದೆಡೆ ಹಳೆಯ ಇಂಪಾಲಾಗಳು ಸಂಗ್ರಾಹಕರ ಪಾಲಾಗಿ ಬೆಲೆಯೇರಿರುವುದರಿಂದ, ಬಿಸುಟ ವಸ್ತುವಿನಿಂದ ಹುಟ್ಟಿದ ಕಲೆ ಅದನ್ನು ಹುಟ್ಟಿಸಿದ ದುಡಿಯುವ ತರುಣರ ಕೈಗೆ ಎಟುಕದಂತಾಗುವ ಅಪಾಯವಿದೆ. ಕಾನೂನಿನ ಅಡ್ಡಿ ತೊಲಗಿದ ಹೊತ್ತಿನಲ್ಲಿಯೇ ಮಾರುಕಟ್ಟೆಯ ಅಡ್ಡಿ ಎದುರಾಗಿದೆ.

ಒಟ್ಟಿನಲ್ಲಿ, ವಸ್ತು ಎಲ್ಲಿ ತಯಾರಾಯಿತು ಎಂಬುದರಿಂದ ಅದರ ಜನಪದತ್ವ ನಿರ್ಧಾರವಾಗುವುದಿಲ್ಲ. ಯಾರು ಅದನ್ನು ತಮ್ಮದಾಗಿಸಿಕೊಂಡರು, ಯಾವ ಅರಿವನ್ನು ಮುಂದಿನವರಿಗೆ ದಾಟಿಸಿದರು ಎಂಬುದರಿಂದ ನಿರ್ಧಾರವಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಲೋರೈಡರ್ ಪರಂಪರೆಯ ನಿಜವಾದ ಭಂಡಾರ ಸಂಗ್ರಹಾಲಯದಲ್ಲಿಲ್ಲ. ಹಿತ್ತಿಲ ಷೆಡ್ಡಿನಲ್ಲಿ ಬಣ್ಣದ ಪದರವನ್ನು ಉಜ್ಜಲು ಕಲಿಯುತ್ತಿರುವ ಹುಡುಗ, ಹುಡುಗಿಯರಲ್ಲಿದೆ. ವಸ್ತು ಸಂಸ್ಕೃತಿಯ ಅಧ್ಯಯನಕಾರರು ವಸ್ತುವಿನ ಜೊತೆಗೆ ಈ ಕಲಿಕೆಯನ್ನೂ ದಾಖಲಿಸುವುದು ಅಗತ್ಯ.